ಜಾಲತಾಣದ ಗುರುತಿನ ಬಿಲ್ಲೆ

ಜಾತ್ರೆಯ ದಿನ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಅಲ್ಲಿ ಕುಳಿತಾತ ಒಂದು ತಗಡಿನ ಬಿಲ್ಲೆ ಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಾವಿರಾರು ಜನರ ಮುಖ ನೆನಪಿಡುವುದು ಅವನಿಂದಾಗದ ಮಾತು. ಆದುದರಿಂದ ಅವನು ಮುಖವನ್ನು ನೋಡುವುದೇ ಇಲ್ಲ. ಬಿಲ್ಲೆಯ ಮೇಲಿನ ಅಂಕಿಯನ್ನು ನೋಡಿ, ಆ ಗೂಡಿನಲ್ಲಿರುವ ಜೋಡನ್ನು ಎತ್ತಿಕೊಡುತ್ತಾನೆ. ನನ್ನ ಬಿಲ್ಲೆಯನ್ನು ಬೇರೊಬ್ಬರು ತಂದರೆ ನನ್ನ ಚಪ್ಪಲಿ ಅವರ ಪಾಲು! ಅಂತರಜಾಲದ ತಾಣವೊಂದು ಮತ್ತೆ ಬಂದವರನ್ನು ಗುರುತು ಹಿಡಿಯುವ ಬಗೆಯೂ ಹೆಚ್ಚು ಕಡಮೆ ಇದೇ. ಇದನ್ನು ನಾನು ಪುಸ್ತಕದಿಂದ ತಿಳಿಯುವ ಮೊದಲು ಪೇಚಿಗೆ ಸಿಕ್ಕಿ ತಿಳಿದುಕೊಂಡೆ.

ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾಗಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಹೇಳಿಕೊಡುವವರೂ ಇಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕುಳಿತು ಅಪ್ಪನ ವರಮಾನ, ನನ್ನ ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವನ್ನೂ ತುಂಬಿದೆ. ಊರಿನ ಬಸ್ಸು ಹೊರಡುವ ಹೊತ್ತಾಗಿತ್ತು. ಆ ಪುಟವನ್ನಷ್ಟೇ ಮುಚ್ಚಿ ಓಡಿದೆ. ನನ್ನ ನಂತರ ಅಲ್ಲಿ ಕುಳಿತವಳು ನನ್ನ ಸಹಪಾಠಿಯೇ. ಅವಳು ಅದೇ ತಾಣವನ್ನು ತೆರೆದೊಡನೆ, ಅದು ಪಾಸ್‌ವರ್ಡನ್ನೂ ಕೇಳದೆ ನನ್ನ ಹೆಸರು ಹಿಡಿದು ಸ್ವಾಗತಿಸಿತಂತೆ. "ನಿನ್ನ ಅರ್ಜಿ ಇಲ್ಲಿ ಹಾಗೇ ತೆರೆದಿದೆ ಕಣೇ, ಖಾತೆ ನಂಬರೂ ಕಾಣ್ತಾ ಇದೆ" ಎಂದು ಅವಳು ಫೋನಿನಲ್ಲಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಆ ಹಣದಲ್ಲೇ ನನ್ನ ಫೀಜು, ಆ ಹಣದಲ್ಲೇ ಬಸ್ ಪಾಸು. ಅವಳ ಜಾಗದಲ್ಲಿ ಬೇರೆ ಯಾರೋ ಕುಳಿತು ಖಾತೆಯ ಅಂಕಿಯನ್ನು ತಿದ್ದಿದ್ದರೆ, ನಾನು ಈ ಅಂತಿಮ ವರ್ಷದ ತರಗತಿಯಲ್ಲಿ ಇರುತ್ತಿದ್ದೆನೊ ಇಲ್ಲವೊ! ಆ ತಾಣ ಅವಳನ್ನು ನಾನೆಂದು ಏಕೆ ತಿಳಿಯಿತು? ಈ ಪ್ರಶ್ನೆಯೇ ನನ್ನಿಂದ ಈ ಲೇಖನವನ್ನು ಬರೆಸುತ್ತಿದೆ.

ನಾವು ತಾಣವೊಂದನ್ನು ತೆರೆದಾಗ ನಮ್ಮ ಬ್ರೌಸರು ದೂರದ ಸರ್ವರಿಗೆ 'ಈ ಪುಟವನ್ನು ಕೊಡು' ಎಂದು ಕೇಳುತ್ತದೆ, ಅದು ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಈ ಕೊಡುಕೊಳ್ಳುವಿಕೆಯ ನಿಯಮಕ್ಕೆ ಎಚ್‌.ಟಿ.ಟಿ.ಪಿ. ಎಂದು ಹೆಸರು. ಇದಕ್ಕೆ ತಾನಾಗಿ ನೆನಪೆಂಬುದಿಲ್ಲ. ಮರುಕ್ಷಣವೇ ಇನ್ನೊಂದು ಪುಟ ಕೇಳಿದರೂ ನಾವು ಅದಕ್ಕೆ ಹೊಸಬರೇ. ಓದಿ ಹೋಗುವವರಿಗೆ ಇದು ಸಾಕು. ಆದರೆ ಒಂದು ಪುಟದಲ್ಲಿ ಸಾಮಾನು ಆರಿಸಿ ಮತ್ತೊಂದರಲ್ಲಿ ಹಣ ಕೊಡುವವರಿಗೆ ಸಾಲದು.

ಈ ತೊಡಕನ್ನು 1994ರಲ್ಲಿ ಬಿಡಿಸಿದವರು ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲಿ. ಸರ್ವರು ಪುಟದೊಡನೆ ಒಂದು ಚಿಕ್ಕ ಬರಹವನ್ನೂ ಕಳುಹಿಸಬೇಕು. ಬ್ರೌಸರು ಅದನ್ನು ಕಾದಿಟ್ಟುಕೊಂಡು, ಅದೇ ತಾಣಕ್ಕೆ ಹೋದಾಗಲೆಲ್ಲ ಮರಳಿ ತೋರಿಸಬೇಕು. ಇಷ್ಟೇ ಅವರ ಉಪಾಯ. ಇದಕ್ಕೆ 'ಕುಕಿ' ಎಂದು ಹೆಸರಾಯಿತು. ನೆಟ್‌ಸ್ಕೇಪಿನ ತಾಣಕ್ಕೆ ಬಂದವರು ಹಿಂದೆಯೂ ಬಂದಿದ್ದವರೆ ಎಂದು ತಿಳಿಯುವುದೇ ಇದರ ಮೊದಮೊದಲ ಬಳಕೆಯಾಗಿತ್ತು ಎಂಬುದು ಸ್ವಾರಸ್ಯದ ಸಂಗತಿ.

ಕುಕಿಯಲ್ಲಿ ಸಾಮಾನ್ಯವಾಗಿ ಒಂದು ಉದ್ದನೆಯ ಸಂಖ್ಯೆಯಿರುತ್ತದೆ. ಅದೇ ನಮ್ಮ ಬಿಲ್ಲೆ. ಆ ಸಂಖ್ಯೆಯ ಮುಂದೆ ಯಾರ ಹೆಸರು, ಏನು ವಿವರ ಎಂಬ ಲೆಕ್ಕ ಸರ್ವರಿನಲ್ಲಿರುತ್ತದೆ. ನಾನು ಪುಟವನ್ನು ಮುಚ್ಚಿದೆನೇ ಹೊರತು ಬಿಲ್ಲೆ ಬ್ರೌಸರಿನಲ್ಲಿಯೇ ಉಳಿದಿತ್ತು. ಗೆಳತಿ ಅದೇ ಬ್ರೌಸರಿನಿಂದ ಹೋದಳು. ಬಿಲ್ಲೆ ನನ್ನದಾದುದರಿಂದ ತಾಣಕ್ಕೆ ಅವಳೇ ನಾನಾದೆ! 'ಲಾಗ್‌ ಔಟ್' ಒತ್ತಿದ್ದರೆ ಸರ್ವರು ಆ ಸಂಖ್ಯೆಯನ್ನೇ ಹೊಡೆದುಹಾಕಿ ಬಿಲ್ಲೆಯನ್ನು ನಿರುಪಯೋಗಿಯಾಗಿಸುತ್ತಿತ್ತು.

'ನಮ್ಮ ತಾಣಕ್ಕೆ ಇಷ್ಟು ಜನ ಮತ್ತೆ ಬಂದರು' ಎಂದು ಹೇಳಿಕೊಳ್ಳುವ ಲೆಕ್ಕವನ್ನೂ ಇದರಿಂದಲೇ ತೂಗಿ ನೋಡಬಹುದು. ಮನೆಮಂದಿಯೆಲ್ಲ ಒಂದೇ ಫೋನು ಬಳಸಿದರೆ ನಾಲ್ವರು ಒಬ್ಬರಾಗುತ್ತಾರೆ. ಒಬ್ಬರೇ ಫೋನಿನಲ್ಲೊಮ್ಮೆ, ಅಂಗಡಿಯಲ್ಲೊಮ್ಮೆ ನೋಡಿದರೆ ಇಬ್ಬರಾಗುತ್ತಾರೆ. ಕುಕಿಯನ್ನು ಅಳಿಸಿದವರು ಹಳಬರಾದರೂ ಹೊಸಬರು. ಎಣಿಸುತ್ತಿರುವುದು ಬಿಲ್ಲೆಗಳನ್ನು, ಮನುಷ್ಯರನ್ನಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಒಂದೇ ಜಾಹೀರಾತು ಸಂಸ್ಥೆ ನೂರಾರು ತಾಣಗಳಲ್ಲಿ ಜಾಗ ಪಡೆದು, ಪ್ರತಿಯೊಂದರಲ್ಲಿಯೂ ತನ್ನದೇ ಬಿಲ್ಲೆಯನ್ನು ನೋಡಿಕೊಳ್ಳುವುದುಂಟು. ನಾವು ಎಲ್ಲೆಲ್ಲಿ ಅಲೆದೆವೆಂಬುದು ಆಗ ಅದಕ್ಕೆ ಅಂಗೈ ನೆಲ್ಲಿಕಾಯಿ. ಇಂತಹ ಹೊರಗಿನವರ ಕುಕಿಗಳನ್ನು ಸಫಾರಿ ಬ್ರೌಸರು 2020ರಲ್ಲಿ ಸಂಪೂರ್ಣವಾಗಿ ತಡೆಯಿತು. ಕ್ರೋಮಿನಿಂದ ಇವನ್ನು ತೆಗೆಯುವುದಾಗಿ ಅದೇ ವರ್ಷ ಸಾರಿದ್ದ ಗೂಗಲ್ ಸಂಸ್ಥೆ, 2024ರಲ್ಲಿ ಆ ಯೋಚನೆಯನ್ನು ಕೈಬಿಟ್ಟಿತು.

ಇದೆಲ್ಲ ನಮಗೇಕೆ ಎನ್ನುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು ಕಾನೂನನ್ನೂ ಮಾಡಿತು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದನ್ನು ಕಾಯುವ ಎಚ್ಚರವೂ ನಮಗಿರಬೇಕು.

ನನ್ನ ತಾಯಿ ಓದುಬರಹ ಬಲ್ಲವಳಲ್ಲ. ಆದರೂ ಜಾತ್ರೆಯಲ್ಲಿ ಬಿಲ್ಲೆ ಕೈಗೆ ಬಂದೊಡನೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಒಳಗೆ ಹೋಗುತ್ತಾಳೆ. ಬಿ.ಎ. ಓದುತ್ತಿದ್ದ ನಾನು ನನ್ನ ಬಿಲ್ಲೆಯನ್ನು ಅಂಗಡಿಯ ಮೇಜಿನ ಮೇಲೆಯೇ ಬಿಟ್ಟುಬಂದೆ. ಈ ವರ್ಷವೂ ನಮ್ಮಲ್ಲಿ ಅನೇಕರು ಅಂಗಡಿಗಳಲ್ಲಿಯೇ ಅರ್ಜಿ ತುಂಬುವರು. ಅವರಲ್ಲಿ ನನ್ನ ವಿನಂತಿಯಿಷ್ಟೆ: ಬಸ್ಸು ತಪ್ಪಿದರೂ ಚಿಂತೆಯಿಲ್ಲ, 'ಲಾಗ್‌ ಔಟ್' ಒತ್ತಿ, ಬ್ರೌಸರಿನ ಕುಕಿಗಳನ್ನು ಅಳಿಸಿ, ಆಮೇಲೆ ಏಳಿರಿ.