ದಶಾಂಶ ವ್ಯವಕಲನವೂ ಚೌಕದ ಹಾಳೆಯೂ

1957ರ ಏಪ್ರಿಲ್ 1ರಂದು ಭಾರತದ ರೂಪಾಯಿಯು ಹದಿನಾರು ಆಣೆಗಳ ಲೆಕ್ಕವನ್ನು ಬಿಟ್ಟು ನೂರು ನಯೇ ಪೈಸೆಗಳಾಗಿ ವಿಭಾಗಗೊಂಡಿತು. ಆದುದರಿಂದ ಮಕ್ಕಳಿಗೆ ದಶಾಂಶವನ್ನು ಕಲಿಸಲು ನಾಣ್ಯವೇ ಸಾಕೆಂದು ಭಾವಿಸುವವರುಂಟು. ಇತಿಹಾಸದ ಅಧ್ಯಾಪಕನಾದ ನನಗೂ ಆ ಮೋಹವಿದ್ದಿತು. ಆದರೆ 0.5ರಿಂದ 0.35ನ್ನು ಕಳೆಯೆಂದರೆ, ಐದರಿಂದ ಮೂವತ್ತೈದು ಹೋಗದೆಂದು ಮಗುವು ನಿಂತುಬಿಡುತ್ತದೆ. ಐವತ್ತು ಪೈಸೆಯ ನಾಣ್ಯವು ಒಂದೇ ಬಿಲ್ಲೆ. ಅದರೊಳಗಿನ ಐದು ಹತ್ತುಗಳು ಕಣ್ಣಿಗೆ ಕಾಣಿಸವು.

ನೂರು ಮನೆಗಳ ಚೌಕದ ಹಾಳೆಯನ್ನು ಒಂದು ಪೂರ್ಣವೆಂದೆಣಿಸಿ, ಅದರ ಹತ್ತು ಪಟ್ಟಿಗಳಲ್ಲಿ ಐದನ್ನು ಕತ್ತರಿಸಿಕೊಡಬೇಕು. ಐದು ಪಟ್ಟಿಗಳೇ ಐವತ್ತು ಮನೆಗಳೆಂಬುದು ಅಲ್ಲಿ ಎಣಿಸಿದರೆ ತಿಳಿಯುತ್ತದೆ. ಮೂರು ಪಟ್ಟಿಗಳನ್ನು ತೆಗೆದು, ಇನ್ನೊಂದನ್ನು ಹತ್ತು ಮನೆಗಳಾಗಿ ತುಂಡರಿಸಿ, ಅವುಗಳಲ್ಲಿ ಐದನ್ನು ತೆಗೆದರೆ ಒಂದು ಪಟ್ಟಿಯೂ ಐದು ಮನೆಗಳೂ, ಎಂದರೆ 0.15, ಉಳಿಯುತ್ತವೆ. 'ಸಾಲ ತರುವುದು' ಎಂದು ನಾವು ಬಾಯಿಪಾಠ ಮಾಡಿಸುವುದು ಈ ತುಂಡರಿಸುವಿಕೆಯನ್ನೇ. 0.50 ಎಂದು ಸೊನ್ನೆ ಸೇರಿಸಿ ಬರೆಯುವುದನ್ನು ಇದಾದ ಬಳಿಕ ಕಲಿಸತಕ್ಕದ್ದು.