ಸ್ವರದ ತಲೆ ಮೇಲೊಂದು ಚುಕ್ಕಿ

ಪ್ರಶ್ನೆ: ಮಗಳ ಸಂಗೀತದ ಪುಸ್ತಕದಲ್ಲಿ ಸರಿಗಮದ ನಡುವೆ ಅಲ್ಪವಿರಾಮ, ಚುಕ್ಕಿ, ಗೆರೆಗಳಿವೆ. ಅವು ಏನು?

ಉತ್ತರ: ಆ ಅಲ್ಪವಿರಾಮ ವ್ಯಾಕರಣದ್ದಲ್ಲ, ಕಾಲದ ಲೆಕ್ಕ. ‘ಸ’ ಎಂದರೆ ಒಂದು ಅಕ್ಷರಕಾಲ, ‘ಸಾ’ ಎಂದರೆ ಎರಡು. ಹ್ರಸ್ವ, ದೀರ್ಘ ನಮ್ಮ ಲಿಪಿಯಲ್ಲೇ ಇರುವುದರಿಂದ ಅರ್ಧ ಕೆಲಸ ಕಾಗುಣಿತವೇ ಮಾಡಿಬಿಡುತ್ತದೆ! ಇನ್ನೂ ಎಳೆಯಬೇಕಾದರೆ ಅಲ್ಪವಿರಾಮ ಒಂದಕ್ಷರ, ಅರ್ಧವಿರಾಮ ಎರಡಕ್ಷರ ಕೂಡಿಸುತ್ತದೆ. ‘ಸಾ,’ ಬರೆದಿದ್ದರೆ ಮೂರು ಎಣಿಸಿ.

ಚುಕ್ಕಿ ಮೇಲಿದ್ದರೆ ತಾರ, ಅಂದರೆ ಮೇಲಿನ ಸ್ಥಾಯಿ; ಕೆಳಗಿದ್ದರೆ ಮಂದ್ರ, ಅಂದರೆ ಕೆಳಗಿನದು; ಇಲ್ಲದಿದ್ದರೆ ಮಧ್ಯ. ಒಂಟಿ ಲಂಬಗೆರೆ ತಾಳದ ಒಂದು ಅಂಗ ಮುಗಿದದ್ದಕ್ಕೆ, ಜೋಡಿಗೆರೆ ತಾಳದ ಇಡೀ ಸುತ್ತು, ಅಂದರೆ ಆವರ್ತ ಮುಗಿದದ್ದಕ್ಕೆ. ಆದಿತಾಳದಲ್ಲಿ ಲಘು ಎಂಬ ಅಂಗಕ್ಕೆ 4, ದ್ರುತ ಎಂಬ ಎರಡು ಅಂಗಗಳಿಗೆ 2+2, ಒಟ್ಟು 8 ಅಕ್ಷರ. ಸ್ವರಗಳ ಮೇಲೆ ಅಡ್ಡಗೆರೆ ಎಳೆದಿದ್ದರೆ ವೇಗ ಇಮ್ಮಡಿ.

ಆದರೆ ‘ರಿ’ ಯಾವ ರಿ ಎಂದು ಸ್ವರಸಾಲು ಸಾಮಾನ್ಯವಾಗಿ ಹೇಳುವುದಿಲ್ಲ. ಪುಟದ ತಲೆಯಲ್ಲಿರುವ ರಾಗದ ಹೆಸರು ನೋಡಬೇಕು: ಆರಂಭದ ಪಾಠವಾದ ಸರಳೆಯ ರಾಗ ಮಾಯಾಮಾಳವಗೌಳದಲ್ಲಿ ಅದು ಶುದ್ಧ ರಿಷಭ. ಸ್ವರವನ್ನು ತೂಗಿಸುವ, ಜಾರಿಸುವ ಗಮಕವೂ ಅಷ್ಟೇ. ಸುಬ್ಬರಾಮ ದೀಕ್ಷಿತರು 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಗುರುತು ಕೊಟ್ಟರು, ಶಾಲಾ ಪುಸ್ತಕಗಳು ಆ ಗೋಜಿಗೆ ಹೋಗುವುದು ಕಡಿಮೆ. ಅದನ್ನು ಮಗಳು ಗುರುವಿನ ಬಾಯಿಂದಲೇ ಕೇಳಿ ಕಲಿಯಬೇಕು.