ಜಿಮಖಾನಾ ವರದಿಗೆ ಸಿಗದ ಕುಸ್ತಿ

ಮುಂಬಯಿ ಕರ್ನಾಟಕದ ಕಾಲೇಜುಗಳಲ್ಲಿ ಓದಿದವರಿಗೆಲ್ಲ ಜಿಮಖಾನಾ ವರದಿಯೆಂಬ ಗದ್ಯಪ್ರಕಾರದ ಪರಿಚಯ ಇದ್ದೇ ಇರುತ್ತದೆ. ವಾರ್ಷಿಕ ಸಂಚಿಕೆಯ ಕಡೆಯ ಪುಟಗಳಲ್ಲಿ, ಗ್ರಂಥಾಲಯದ ವರದಿಗೂ ಎನ್‌ಸಿಸಿ ವರದಿಗೂ ನಡುವೆ ಎಲ್ಲಿಯೋ ಇಕ್ಕಟ್ಟಾಗಿ ಕುಳಿತಿರುವ ಈ ಬರಹವು, ಪ್ರಸಕ್ತ ವರ್ಷದಲ್ಲಿ ನಮ್ಮ ಕಬಡ್ಡಿ ತಂಡವು ಉತ್ತಮ ಸಾಧನೆ ತೋರಿತೆಂದು ಮೊದಲಾಗಿ, ಸಹಕರಿಸಿದ ಪ್ರಾಚಾರ್ಯರಿಗೂ ಆಡಳಿತ ಮಂಡಳಿಗೂ ಕೃತಜ್ಞತೆಯನ್ನು ಸಲ್ಲಿಸುವಲ್ಲಿಗೆ ಮುಗಿದುಹೋಗುತ್ತದೆ. ಎದುರಾಳಿಗಳು ಯಾರಾಗಿದ್ದರು, ಕಟ್ಟಕಡೆಯ ರೇಡಿಗೆ ಹೋದವನು ಯಾರು, ಅವನ ಕಾಲನ್ನು ಹಿಡಿದವನು ಯಾರು, ಅಂಪೈರನೊಡನೆ ಜಗಳವಾಯಿತೇ ಇಲ್ಲವೇ ಎಂಬ, ಓದುಗನಿಗೆ ನಿಜವಾಗಿ ಬೇಕಾದ ಸಂಗತಿಗಳಲ್ಲಿ ಒಂದಾದರೂ ಅಲ್ಲಿ ಕಾಣಿಸದು. ಬರೆದವರು ಆಟವನ್ನು ನೋಡಲೇ ಇಲ್ಲವೆಂಬ ಗುಮಾನಿ ನನ್ನದು.

ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಈಗ ಮೂಡಲಗಿ ತಾಲೂಕಿಗೆ ಸಂದಿರುವ ಮಸಗುಪ್ಪಿಯ ಕಡೆಗೆ ಬಂದರೆ ಸಂಗತಿಯು ತದ್ವಿರುದ್ಧವಾಗಿದೆ. ಈ ಸೀಮೆಯ ಜಾತ್ರೆಗಳಿಗೆ 'ಜಂಗಿ ನಿಕಾಲಿ ಕುಸ್ತಿಗಳು' ಎಂಬ ದಪ್ಪಕ್ಷರದ ಭಿತ್ತಿಪತ್ರ ಹಚ್ಚದೆ ಶೋಭೆಯಿಲ್ಲ. ಹಲಗಿಯ ಸದ್ದಿನ ನಡುವೆ ಎರಡು ನಿಮಿಷಗಳಲ್ಲಿ ಮುಗಿದ ಒಂದು ಜೋಡಿಯ ವೃತ್ತಾಂತವನ್ನು ಹತ್ತಾರು ವರ್ಷಗಳ ಅನಂತರವೂ ಅರ್ಧ ತಾಸು ಹೇಳಬಲ್ಲ ಮುದುಕರು ಕಟ್ಟೆಕಟ್ಟೆಯ ಮೇಲೆ ಸಿಗುತ್ತಾರೆ. 'ಢಾಕ್ ಹಾಕಿದಾ ನೋಡ್ರಿ, ಅವನ ಬೆನ್ನಿಗಿ ಮಣ್ಣ ಹತ್ತಿದ್ದು ನಮಗ ಕಾಣಲೇ ಇಲ್ಲ' ಎಂಬ ಒಂದೇ ಮಾತಿನಲ್ಲಿ ಮಲ್ಲನ ವೇಗವೂ ಪ್ರೇಕ್ಷಕನ ವಿಸ್ಮಯವೂ ಕೂಡಿಬರುವ ಪರಿಯನ್ನು ಕೇಳಿದವರಿಗೆ, ಬರೆಯಬಲ್ಲವರು ಆಟವನ್ನು ನೋಡದೆಯೂ ನೋಡಬಲ್ಲವರು ಬರೆಯದೆಯೂ ಉಳಿದದ್ದು ನಮ್ಮ ದೊಡ್ಡ ನಷ್ಟವೆಂದು ತೋರದಿರದು.

ಕಾಲೇಜಿನ ತಂಡವನ್ನು ತನ್ನದೆಂದು ಭಾವಿಸಿ ಅದರ ಬೆನ್ನು ಹತ್ತುವ ಹವ್ಯಾಸವು ನಮಗೆ ಹೊರಗಿನಿಂದ ಬಂದದ್ದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಲಾರ್ಡ್ಸ್ ಮೈದಾನದಲ್ಲಿ ಮೊದಲ ಸಲ ಕ್ರಿಕೆಟ್ ಆಡಿದ್ದು 1827ರಲ್ಲಿ. ಅವರ ದೋಣಿಪಂದ್ಯ 1829ರದು. ಅಮೆರಿಕದಲ್ಲಿ 1869ರ ನವೆಂಬರ್ 6ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಫುಟ್‌ಬಾಲ್ ಆಡಿದಾಗ, ಅದೇ ವರ್ಷ ಹುಟ್ಟಿದ್ದ 'ಟಾರ್ಗಮ್' ಎಂಬ ರಟ್‌ಗರ್ಸ್ ವಿದ್ಯಾರ್ಥಿಗಳ ಪತ್ರಿಕೆಯು ಆ ಪಂದ್ಯದ ವೃತ್ತಾಂತವನ್ನು ಅಚ್ಚುಮಾಡಿತು. ರಟ್‌ಗರ್ಸಿನವರು ಆರಕ್ಕೆ ನಾಲ್ಕರಿಂದ ಗೆದ್ದರೆಂಬುದು ಇಂದಿಗೂ ಎಲ್ಲರಿಗೂ ತಿಳಿದಿರುವುದಕ್ಕೆ ಅಂಥ ಬರಹಗಳೇ ಕಾರಣ. ನಮ್ಮಲ್ಲಿ 1875ರ ಬಾಂಬೆ ಜಿಮಖಾನಾದ ಹೆಸರೂ ಪದ್ಧತಿಯೂ ಆ ಪ್ರಾಂತದ ಕಾಲೇಜುಗಳೊಳಕ್ಕೆ ಹರಿದು, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೂ 1933ರ ಬೆಳಗಾವಿಯ ಲಿಂಗರಾಜ ಕಾಲೇಜಿಗೂ ಬಂದು ಮುಟ್ಟಿದವು. ಜಿಮಖಾನಾ ಬಂದಿತು, ಅದರ ಫೀ ಬಂದಿತು, ಕಾರ್ಯದರ್ಶಿಯ ಚುನಾವಣೆಯ ಗದ್ದಲವೂ ಬಂದಿತು. ಟಾರ್ಗಮ್ ಮಾತ್ರ ಬರಲಿಲ್ಲ. ನಮ್ಮ ಹುಡುಗರ ವಿಶ್ವವಿದ್ಯಾಲಯವೂ ಒಂದೆಡೆ ನಿಂತದ್ದಲ್ಲ. 1949ರವರೆಗೆ ಮುಂಬಯಿ, ತರುವಾಯ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದೀಚೆಗೆ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಎಂದು, ಅಜ್ಜ, ಮಗ, ಮೊಮ್ಮಗ ಮೂವರೂ ಮೂರು ಬೇರೆ ಬೇರೆ ತಂಡಗಳಿಗೆ ಜಯವಾಗಲೆಂದು ಕೂಗಿದ ಮನೆಗಳು ಇಲ್ಲಿವೆ.

ಇದೆಲ್ಲ ಪೀಠಿಕೆ. ನಾನು ಹೇಳಬೇಕೆಂದಿರುವುದು ಗಡಿಯ ಆಚೆಗಿನ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಒಂದು ಪ್ರಸಂಗವನ್ನು. 1880ರಷ್ಟು ಹಳೆಯದಾದ ಆ ಕಾಲೇಜು ನಮಗೆ ಪರಕೀಯವೇನೂ ಅಲ್ಲ. ಗೋಕಾಕ ರೋಡಿನಲ್ಲಿ ರೈಲು ಹತ್ತಿ ಮಿರಜಿನಲ್ಲಿ ಗಾಡಿ ಬದಲಿಸಿದರೆ ಕೊಲ್ಹಾಪುರವು ಕೈಗೆಟಕುವ ಊರು, ಮತ್ತು ಕುಸ್ತಿಯನ್ನು ಬಲ್ಲವರಿಗೆ ಅದು ರಾಜಧಾನಿ. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಕೆಂಪು ಮಣ್ಣಿನ ಕಥೆಗಳನ್ನು ಕೇಳುತ್ತಲೇ ಈ ಕಡೆಯ ಗರಡಿಮನೆಗಳ ಹುಡುಗರು ದೊಡ್ಡವರಾದದ್ದು. ಢಾಕ್, ಕಲಾಜಂಗ, ಧೋಬಿ ಪಛಾಡ್ ಎಂಬ ಪಟ್ಟುಗಳ ಹೆಸರುಗಳಿಗೆ ಗಡಿಯ ಈಚೆಗೂ ಆಚೆಗೂ ವ್ಯತ್ಯಾಸವಿಲ್ಲ. ಭಾಷಾವಾರು ಪ್ರಾಂತಗಳ ಜಗಳವು ತಾಲೀಮಿನ ಹೊಸ್ತಿಲನ್ನು ಎಂದೂ ದಾಟಲಿಲ್ಲವೆನ್ನಬೇಕು.

ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯಲ್ಲಿ 1926ರಲ್ಲಿ ಜನಿಸಿದ ಖಾಶಾಬಾ ದಾದಾಸಾಹೇಬ ಜಾಧವ ಎಂಬ ಯುವಕ ರಾಜಾರಾಮ ಕಾಲೇಜಿಗೆ ಬಂದನು. ತಂದೆ ಪೈಲವಾನ, ಮಗ ಆಳು ಗಿಡ್ಡ, ಮೈಕಟ್ಟು ಸಣ್ಣದು. ವಾರ್ಷಿಕ ಕ್ರೀಡಾಕೂಟದ ಕುಸ್ತಿಗೆ ಹೆಸರು ಬರೆಸಲು ಹೋದಾಗ ಕ್ರೀಡಾ ಶಿಕ್ಷಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಆಗದೆಂದು ಕಳಿಸಿಬಿಟ್ಟರಂತೆ. ಹುಡುಗ ಸುಮ್ಮನೆ ಹಿಂದಿರುಗದೆ ನೇರವಾಗಿ ಪ್ರಾಚಾರ್ಯರ ಕೋಣೆಗೆ ಹೋದನು. ಬ್ಯಾರಿಸ್ಟರ್ ಖರ್ಡೇಕರರು ಅನುಮತಿ ಕೊಟ್ಟರು. ಅಖಾಡಕ್ಕಿಳಿದವನು ತನಗಿಂತ ದೊಡ್ಡ ದೇಹದವರನ್ನು ಒಬ್ಬರಾದ ಮೇಲೊಬ್ಬರಂತೆ ಚಿತ್ ಮಾಡಿದನು. ಕಾಲೇಜಿನ ಕುಸ್ತಿ ತಂಡವೆಂದರೆ ಅಂದಿನಿಂದ ಬಹುಮಟ್ಟಿಗೆ ಅವನೊಬ್ಬನೇ, ಮತ್ತು ಆ ತಂಡದ ಪ್ರಥಮ ಅಭಿಮಾನಿ ಪ್ರಾಚಾರ್ಯರೇ.

ಅವನ ಕೈಗುಣವಿದ್ದುದು ಢಾಕಿನಲ್ಲಿ. ಎದುರಾಳಿಯ ತಲೆಯನ್ನು ತೋಳಿನ ಸಂದಿಗೆ ಸಿಕ್ಕಿಸಿಕೊಂಡು, ತನ್ನ ನಡುವನ್ನು ಅವನ ನಡುವಿಗೆ ಅಡ್ಡಗೊಟ್ಟು, ಮೇಲಿಂದ ಹೊರಳಿಸಿ ಬೆನ್ನಿನ ಮೇಲೆ ಕೆಡಹುವ ಈ ಪಟ್ಟಿಗೆ ತೋಳಿನ ಬಲಕ್ಕಿಂತ ಪಾದಗಳ ಚುರುಕು ಹೆಚ್ಚು ಅವಶ್ಯಕ. ಹೆಜ್ಜೆ ಒಂದು ಕ್ಷಣ ತಡವಾಯಿತೋ, ಹಾಕಿದವನೇ ಕೆಳಗೆ. 1948ರ ಲಂಡನ್ ಒಲಿಂಪಿಕ್ಸಿಗೆ ಆಯ್ಕೆಯಾದಾಗ ಅವನನ್ನು ತರಬೇತುಗೊಳಿಸಿದ ಗುರು ರೀಸ್ ಗಾರ್ಡ್ನರ್ ಗುರುತಿಸಿದ್ದೂ ಈ ಕಾಲ್ಚುರುಕನ್ನೇ. ಆ ಪ್ರಯಾಣದ ವೆಚ್ಚವನ್ನು ವಹಿಸಿದವರು ಕೊಲ್ಹಾಪುರದ ಮಹಾರಾಜರು. ಮಣ್ಣಿನಲ್ಲಿ ಬೆಳೆದವನಿಗೆ ಮ್ಯಾಟಿನ ಮೇಲಿನ ಕುಸ್ತಿಯೂ ಅದರ ಅಂಕಗಳ ಲೆಕ್ಕಾಚಾರವೂ ಹೊಸವು. ಆದರೂ ಆಸ್ಟ್ರೇಲಿಯದ ಬರ್ಟ್ ಹ್ಯಾರಿಸನನ್ನು ಕೆಲವೇ ನಿಮಿಷಗಳಲ್ಲಿ ಮಣಿಸಿ, ಅಮೆರಿಕದ ಬಿಲ್ಲಿ ಜೆರ್ನಿಗನನನ್ನೂ ಗೆದ್ದು, ಇರಾನಿನ ಮನ್ಸೂರ್ ರಯೀಸಿಗೆ ಸೋತು, ಫ್ಲೈವೇಟ್ ವಿಭಾಗದಲ್ಲಿ ಆರನೆಯವನಾಗಿ ಮರಳಿದನು.

ಮುಂದಿನ ನಾಲ್ಕು ವರ್ಷಗಳಲ್ಲಿ ಕುಸ್ತಿಯ ಜಗತ್ತಿಗಿಂತ ರಾಜಕೀಯ ಜಗತ್ತೇ ಹೆಚ್ಚು ಮಗುಚಿಬಿದ್ದಿತು. 1949ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಮಲ್ಲರನ್ನು ಸಾಕುತ್ತಿದ್ದ ಅರಮನೆಯ ಬೊಕ್ಕಸಕ್ಕೆ ಬೀಗ ಬಿದ್ದಿತು. ರಾಜಾಶ್ರಯ ಹೋಗಿತ್ತು, ಸರಕಾರದ ಆಶ್ರಯ ಇನ್ನೂ ಬಂದಿರಲಿಲ್ಲ. ಪ್ರಜಾಪ್ರಭುತ್ವದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಪೈಲವಾನನ ಹಾಲು, ಬಾದಾಮಿಗಳ ಲೆಕ್ಕವನ್ನು ಯಾವ ಇಲಾಖೆ ನೋಡಬೇಕೆಂಬುದನ್ನು ಅದು ಬಹುಕಾಲ ನಿಶ್ಚಯಿಸಲಿಲ್ಲವೆಂಬುದನ್ನು ಹೇಳಲೇಬೇಕಾಗಿದೆ. 1952ರ ಹೆಲ್ಸಿಂಕಿಯ ಆಯ್ಕೆಯಲ್ಲಿಯೂ ಜಾಧವನಿಗೆ ಅಂಕದ ವಿಷಯವಾಗಿ ಅನ್ಯಾಯವಾಯಿತೆಂದೂ, ಅವನು ಪಟಿಯಾಲೆಯ ಮಹಾರಾಜರಲ್ಲಿ ದೂರಿಟ್ಟು ನಿರಂಜನ ದಾಸನೊಡನೆ ಮರುಪಂದ್ಯವನ್ನು ಪಡೆದು ಅವನನ್ನು ಕ್ಷಣಾರ್ಧದಲ್ಲಿ ಕೆಡವಿದನೆಂದೂ ಪ್ರತೀತಿ. ಆಯ್ಕೆಯೇನೋ ಆಯಿತು; ಹೋಗುವುದಕ್ಕೆ ಹಣವಿರಲಿಲ್ಲ. ಊರವರು ಮನೆಮನೆ ತಿರುಗಿ ವಂತಿಗೆ ಎತ್ತಿದರು. ಅದು ಸಾಲದೆ ಹೋದಾಗ ಕಾಲೇಜಿನ ಹಿಂದಿನ ಪ್ರಾಚಾರ್ಯರಾದ ಖರ್ಡೇಕರರು ತಮ್ಮ ಸ್ವಂತ ಮನೆಯನ್ನು ಅಡವಿಟ್ಟು ಏಳು ಸಾವಿರ ರೂಪಾಯಿಗಳನ್ನು ತಂದು ತಮ್ಮ ಹಳೆಯ ವಿದ್ಯಾರ್ಥಿಯ ಕೈಯಲ್ಲಿಟ್ಟರು.

ಪ್ರಾಚಾರ್ಯರೊಬ್ಬರು ಆಟಗಾರನಿಗೆ ಹಾರ ಹಾಕಿ ಶುಭ ಕೋರುವುದನ್ನು ಎಲ್ಲರೂ ನೋಡಿದ್ದೇವೆ. ಮನೆಯನ್ನು ಅಡವಿಡುವುದನ್ನು ಬೇರೆಲ್ಲಿಯೂ ಕೇಳಿಲ್ಲ. ಈ ಪ್ರಾಂತದಲ್ಲಿ ಕಾಲೇಜಿನ ಆಟಗಾರನೊಬ್ಬನ ಮೇಲಣ ಅಭಿಮಾನದಿಂದ ಹುಟ್ಟಿದ ಕಾಗದಪತ್ರಗಳಲ್ಲಿ ಅತ್ಯುತ್ತಮವಾದುದು ಯಾವುದೆಂದು ಯಾರಾದರೂ ಕೇಳಿದರೆ, ಆ ಅಡಮಾನ ಪತ್ರದತ್ತಲೇ ನಾನು ಕೈತೋರುವೆನು.

ಇಲ್ಲಿ ಕನ್ನಡಿಗನ ಕುತೂಹಲವನ್ನು ಕೆರಳಿಸುವ ಇನ್ನೊಂದು ಸಂಗತಿಯುಂಟು. ಜಾಧವನು ಹೆಲ್ಸಿಂಕಿಗಾಗಿ ಬೆವರಿಳಿಸುತ್ತಿದ್ದ ಆ ಕಾಲಕ್ಕೆ, ಎಂದರೆ 1950ರಿಂದ 1952ರವರೆಗೆ, ರಾಜಾರಾಮ ಕಾಲೇಜಿನ ಪ್ರಾಚಾರ್ಯಪೀಠದಲ್ಲಿದ್ದವರು ಬೇರೆ ಯಾರೂ ಅಲ್ಲ, ನಮ್ಮ ವಿನಾಯಕ ಕೃಷ್ಣ ಗೋಕಾಕರು. ಸವಣೂರಿನಲ್ಲಿ ಹುಟ್ಟಿ, ಹೆಸರಿನಲ್ಲಿ ಮಾತ್ರ ನಮ್ಮ ಊರನ್ನು ಹೊತ್ತು, ಆಕ್ಸ್‌ಫರ್ಡಿನಲ್ಲಿ ಓದಿ ಬಂದು, 'ಸಮುದ್ರ ಗೀತೆಗಳು' ಬರೆದ ಕವಿ ಅವರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಅವರೂ ರಂ. ಶ್ರೀ. ಮುಗಳಿಯವರೂ ಇದ್ದ ಕಾಲದಿಂದಲೇ ಕೃಷ್ಣೆಯ ಆ ದಂಡೆಯ ಕಾಲೇಜುಗಳಿಗೆ ಕನ್ನಡದ ಗಾಳಿ ಬೀಸುತ್ತಿದ್ದಿತು. ಆಕ್ಸ್‌ಫರ್ಡಿನಲ್ಲಿ ಕಾಲೇಜಿನ ದೋಣಿಯೊಂದು ಮುಂದಾದರೆ ದಂಡೆಯುದ್ದಕ್ಕೂ ಕೂಗುತ್ತ ಓಡುವ ವಿದ್ಯಾರ್ಥಿಗಳ ದೇಶದಿಂದ ಬಂದವರು, ಖಾಸಬಾಗದ ಊರಿನಲ್ಲಿ ಪ್ರಾಚಾರ್ಯರಾಗಿದ್ದರೆಂಬುದೇ ಒಂದು ಪ್ರಬಂಧಕ್ಕೆ ಸಾಕಾಗುವ ವಸ್ತು. 1952ರಲ್ಲಿ ಅವರು ಧಾರವಾಡದ ಕರ್ನಾಟಕ ಕಾಲೇಜಿಗೆ ಪ್ರಾಚಾರ್ಯರಾಗಿ ಬಂದರು; ಜ್ಞಾನಪೀಠವೂ ಗೋಕಾಕ ವರದಿಯೂ ಬಹುದೂರದ ಮಾತುಗಳು. ಅವರ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆಲ್ಲ ಚಳವಳಿಯೇ ನೆನಪಾಗುವುದು ಸಹಜ. ನನಗೆ ಮಾತ್ರ ಈಚೀಚೆಗೆ ಕುಸ್ತಿಯ ಮಣ್ಣು ನೆನಪಾಗುತ್ತದೆ.

ಹೆಲ್ಸಿಂಕಿಯಲ್ಲಿ ಆ ಜುಲೈ ತಿಂಗಳು ನಡೆದುದನ್ನು ಹೇಳುವಾಗ ಯಾರಿಗಾದರೂ ಸಿಟ್ಟು ಬರಬೇಕು. ಬ್ಯಾಂಟಮ್‌ವೇಟ್ ವಿಭಾಗದಲ್ಲಿ ಕೆನಡಾ, ಮೆಕ್ಸಿಕೊ ಮತ್ತು ಜರ್ಮನಿಯ ಮಲ್ಲರನ್ನು ಗೆದ್ದ ಜಾಧವನು, ಜಪಾನಿನ ಶೋಹಾಚಿ ಇಶಿ ಮತ್ತು ಸೋವಿಯೆತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೋವ್ ಇವರಲ್ಲಿ ಒಬ್ಬನೊಡನೆ ಸೆಣಸಿ ಸೋತು ಇನ್ನೂ ಉಸಿರು ತಿರುಗಿಸಿಕೊಳ್ಳುವ ಮುನ್ನವೇ, ಇನ್ನೊಬ್ಬನ ಎದುರಿಗೆ ನಿಲ್ಲಬೇಕೆಂದು ಆಜ್ಞೆಯಾಯಿತಂತೆ. ಎರಡು ಪಂದ್ಯಗಳ ನಡುವೆ ಅರ್ಧ ತಾಸಿನ ವಿಶ್ರಾಂತಿ ಕೊಡಬೇಕೆಂಬುದು ನಿಯಮ. ಆ ನಿಯಮವನ್ನು ಎತ್ತಿ ಹೇಳುವುದಕ್ಕೆ ಭಾರತದ ಅಧಿಕಾರಿಗಳಲ್ಲಿ ಒಬ್ಬರಾದರೂ ಅಲ್ಲಿರಲಿಲ್ಲ. ಹಾಕಿಯ ಪ್ರಭೆಯಲ್ಲಿ ಕುಸ್ತಿಯ ಮೂಲೆ ಯಾರಿಗೂ ಕಾಣಲಿಲ್ಲವೆಂದು ತೋರುತ್ತದೆ. ದಣಿದ ಮಲ್ಲ ಸೋತನು. ಇಶಿಗೆ ಚಿನ್ನ, ಮಮ್ಮದ್‌ಬೆಯೋವನಿಗೆ ಬೆಳ್ಳಿ, ಜಾಧವನಿಗೆ ಕಂಚು. ಸ್ವತಂತ್ರ ಭಾರತದ ವ್ಯಕ್ತಿಯೊಬ್ಬನಿಗೆ ದೊರೆತ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ ದೇಶವು 1996ರ ಲಿಯಾಂಡರ್ ಪೇಸ್‌ವರೆಗೆ ನಲವತ್ತನಾಲ್ಕು ವರ್ಷ ಕಾಯಬೇಕಾಯಿತು.

ಜಾಧವರ ಆಮೇಲಿನ ಜೀವನವನ್ನು ಬೇಗನೆ ಹೇಳಿಬಿಡಬಹುದು, ಸರಕಾರವೂ ಹಾಗೆಯೇ ಬೇಗನೆ ಮರೆತದ್ದರಿಂದ. 1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಸೇರಿದರು. 1984ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿಯು ಅವರನ್ನು ಹುಡುಕಿಕೊಂಡು ಬಂದದ್ದು ಸತ್ತು ಹದಿನೈದಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ. ದಿಲ್ಲಿಯಲ್ಲಿ ಅವರ ಹೆಸರಿನ ಕುಸ್ತಿ ಕ್ರೀಡಾಂಗಣವಿದೆ. 2023ರ ಜನವರಿ 15ರಂದು, ಅವರ ಜನ್ಮದಿನಕ್ಕೆ, ಗೂಗಲ್ ಕಂಪನಿಯವರು ಒಂದು ಚಿತ್ರವನ್ನು ಪ್ರಕಟಿಸಿದಾಗ ಮೂಡಲಗಿಯ ಚಹಾದಂಗಡಿಯಲ್ಲಿ ಕಾಲೇಜಿನ ಹುಡುಗನೊಬ್ಬನು ಮೊಬೈಲನ್ನು ನನ್ನ ಮುಂದೆ ಹಿಡಿದು, 'ಈ ಪೈಲವಾನ ಯಾರ್ರಿ ಸರ್?' ಎಂದು ಕೇಳಿದನು. ಕೇಳಿದ್ದೇ ಪುಣ್ಯವೆಂದುಕೊಂಡೆ. ಜಾತ್ರೆಯ ಕುಸ್ತಿಗಳನ್ನು ತಾಸುಗಟ್ಟಲೆ ಚಿತ್ರೀಕರಿಸಿ ಊರೂರಿಗೆ ಹಂಚುವ ಇಂದಿನ ಹುಡುಗರಲ್ಲಿ ಆಸಕ್ತಿಗೇನೂ ಕೊರತೆಯಿಲ್ಲ. ಚಿತ್ರವು ಇದ್ದ ಮೇಲೆ ಮಾತೇಕೆಂಬ ಔದಾಸೀನ್ಯವೊಂದೇ ನನ್ನನ್ನು ಕೆಣಕುವುದು. ಯಾವ ಚಿತ್ರದಲ್ಲಿ ಆ ಏಳು ಸಾವಿರ ರೂಪಾಯಿ ಕಂಡೀತು?

ಗೆದ್ದು ಬಂದ ದಿನ ಕರಾಡದಿಂದ ಗೋಳೇಶ್ವರದವರೆಗೆ ನೂರಕ್ಕೂ ಮಿಕ್ಕ ಎತ್ತಿನ ಬಂಡಿಗಳಲ್ಲಿ ಅವರ ಮೆರವಣಿಗೆಯಾಯಿತೆಂಬುದನ್ನು ಎಲ್ಲರೂ ಬರೆದಿದ್ದಾರೆ, ಬಂಡಿಗಳು ಎಣಿಕೆಗೆ ಸಿಗುವಂಥವಾದ್ದರಿಂದ. ಅದರ ಬಳಿಕ ನಡೆದದ್ದರ ಬಗೆಗೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿಗೆ ಬರೆದವರು ವಿರಳ. ಪದಕವನ್ನು ಮನೆಯಲ್ಲಿಟ್ಟು ಜಾಧವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದೆಂದರೆ, ತಾವೇ ಮುಂದೆ ನಿಂತು ಕುಸ್ತಿಗಳನ್ನು ಏರ್ಪಡಿಸಿದ್ದು. ಒಲಿಂಪಿಕ್ ವೇದಿಕೆಯ ಮೇಲೆ ನಿಂತು ಬಂದವರು ಮತ್ತೆ ಲಂಗೋಟಿ ಬಿಗಿದು ಮಣ್ಣಿಗಿಳಿದು, ತಾವು ಏರ್ಪಡಿಸಿದ ಕುಸ್ತಿಗಳಲ್ಲಿ ತಾವೇ ಸೆಣಸಿ ಗೆದ್ದು, ಬಂದ ಇನಾಮಿನ ಹಣವನ್ನು ಖರ್ಡೇಕರರಿಗೆ ಒಪ್ಪಿಸಿ, ಗುರುವಿನ ಮನೆಯನ್ನು ಅಡವಿನಿಂದ ಬಿಡಿಸಿದರು. ಹೆಲ್ಸಿಂಕಿಯ ಪಂದ್ಯಗಳ ಫಲಿತಾಂಶಗಳ ಲೆಕ್ಕವು ಒಲಿಂಪಿಕ್ ದಾಖಲೆಗಳಲ್ಲಿ ಸಿಗುತ್ತದೆ. ನನಗೆ ಬೇಕಾದುದು ಈ ಕುಸ್ತಿಗಳ ವರದಿ: ಎದುರಿಗೆ ಇಳಿದ ಪೈಲವಾನರು ಯಾರು, ಢಾಕ್ ಬಿದ್ದದ್ದು ಎಷ್ಟನೆಯ ನಿಮಿಷಕ್ಕೆ, ಹಲಗಿ ಬಾರಿಸಿದವರು ಯಾವ ಊರಿನವರು, ಮುಂದಿನ ಸಾಲಿನಲ್ಲಿ ಖರ್ಡೇಕರರು ಬಂದು ಕುಳಿತಿದ್ದರೇ.